ಅಡುಗೆ ಅನಿಲ, ನೈಸರ್ಗಿಕ ಅನಿಲ, ನಲ್ಲಿ ಗ್ಯಾಸು: ಯಾವುದಕ್ಕೆ ಯಾವ ಹೆಸರು?

ಗೆಳೆಯರೇ,

ನಮ್ಮ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಬಂದು ಎರಡು ತಿಂಗಳಾಯಿತು. ಜೊತೆಗೆ ಹಂಚಿದ ಕನ್ನಡ ಕರಪತ್ರದಲ್ಲಿ "ಅಡುಗೆ ಅನಿಲ ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ" ಎಂದಿದೆ. ಸಿಲಿಂಡರಿಗಾದರೆ ಇದು ಸರಿ. ಅದರಲ್ಲಿರುವ ಪ್ರೊಪೇನ್, ಬ್ಯೂಟೇನ್ ಎರಡೂ ಗಾಳಿಗಿಂತ ಭಾರ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಗಾಳಿಯ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಸೋರಿದರೆ ಸೂರಿನ ಕಡೆ ಏರುತ್ತದೆ. ಹಳೆಯ ಸಿಲಿಂಡರ್ ಕರಪತ್ರವನ್ನೇ ಎತ್ತಿ ಹಾಕಿದ್ದಾರೆ. ಹಾಕಿದವರಿಗೆ ತಪ್ಪು ಕಾಣದಿರುವುದಕ್ಕೆ "ಅಡುಗೆ ಅನಿಲ" ಎಂಬ ಮಾತೇ ಕಾರಣ ಅಂತ ನನ್ನ ಗುಮಾನಿ. ಎರಡರಲ್ಲೂ ಅನ್ನ ಬೇಯುತ್ತದಲ್ಲ!

ಅದನ್ನು ತಿದ್ದಿ ಬರೆಯುವ ಕೆಲಸ ಈಗ ನನ್ನ ತಲೆಗೆ ಬಂದಿದೆ.

1984ರಲ್ಲಿ ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಹುಟ್ಟಿ, ಗುಜರಾತಿನ ಹಜೀರಾದಿಂದ ಉತ್ತರ ಪ್ರದೇಶದ ಜಗದೀಶ್‌ಪುರದವರೆಗೆ ಕೊಳವೆ ಹಾಕಿದ ಕಾಲಕ್ಕೆ ಈ ಪೈಪಿನ ಗ್ಯಾಸು, ಅಂದರೆ ನೈಸರ್ಗಿಕ ಅನಿಲ, ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಸರಕು. ಆ ಪದ ಪತ್ರಿಕೆಯ ವಾಣಿಜ್ಯ ಪುಟ ದಾಟಬೇಕಾಗಿರಲಿಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ಕೊಳವೆ ಬಂತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ದೇಶದ ಇಂಧನದಲ್ಲಿ ಇದರ ಪಾಲನ್ನು 2030ಕ್ಕೆ ಶೇ. 15ಕ್ಕೆ ಏರಿಸುವುದು ಸರ್ಕಾರದ ಗುರಿ. ಪದವೂ ಅಡುಗೆಮನೆಗೆ ಬಂದೇ ಬಿಟ್ಟಿತು.

ಇನ್ನೊಂದು ತೊಡಕು "ದ್ರವೀಕೃತ". ಸಿಲಿಂಡರಿನ ಎಲ್‌ಪಿಜಿ (ದ್ರವೀಕೃತ ಪೆಟ್ರೋಲಿಯಂ ಅನಿಲ), ಹಡಗಿನಲ್ಲಿ ಬರುವ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಎರಡಕ್ಕೂ ಇದೇ ತಲೆಕಟ್ಟು. ವರದಿಗಾರರು ನಡುವಿನ "ಪೆಟ್ರೋಲಿಯಂ", "ನೈಸರ್ಗಿಕ" ಬಿಟ್ಟರೆಂದರೆ ಎರಡೂ ಒಂದೇ. ಆದರೆ ಸಿಲಿಂಡರಿನದ್ದು ಒತ್ತಿ ದ್ರವ ಮಾಡಿದ್ದು. ಕತಾರಿನಿಂದ 2004ರಿಂದ ಗುಜರಾತಿನ ದಹೇಜ್‌ಗೆ ಹಡಗಿನಲ್ಲಿ ಬರುತ್ತಿರುವುದು ಸುಮಾರು ಮೈನಸ್ 162 ಡಿಗ್ರಿಗೆ ತಣಿಸಿದ್ದು. ಗಾತ್ರ ಆರುನೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ದಡದಲ್ಲಿ ಬಿಸಿ ತಾಗಿಸಿ ಮತ್ತೆ ಗ್ಯಾಸ್ ಮಾಡುತ್ತಾರೆ. ಇದಕ್ಕೆ "ಮರುಅನಿಲೀಕರಣ" ಅನ್ನುವುದುಂಟು. ನಾಲ್ಕು ಸಲ ಹೇಳಿ ನೋಡಿ, ನಾಲಿಗೆಯೇ ಸೋರುತ್ತದೆ.

ಮಾಡಿದ ಕೆಲಸದಿಂದಲೇ ಹೆಸರಿಡೋಣ ಅಂತ ಕೂತೆ. ವಾಹನಕ್ಕೆ ಒತ್ತಿ ತುಂಬುವ ನೈಸರ್ಗಿಕ ಅನಿಲ, ಅಂದರೆ ಸಿಎನ್‌ಜಿಗೆ "ಒತ್ತನಿಲ". ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಎಂದು ಪಂಡಿತರು ಬೈಯಲಿ, ಪರವಾಗಿಲ್ಲ. ಎಲ್‌ಎನ್‌ಜಿಗೆ "ತಂಪನಿಲ" ಎಂದು ಬರೆದು ನೋಡಿ ನಗು ಬಂತು. ಅನಿಲ ಎಂದರೆ ಮೂಲದಲ್ಲಿ ಗಾಳಿಯೇ, ನಮ್ಮ ಕಾವ್ಯಗಳ ಭೀಮ ಅನಿಲಸುತ. ಹಾಗಾದರೆ ತಂಪನಿಲ ಅಂದರೆ ತಂಗಾಳಿ! ಮೈನಸ್ 162 ಡಿಗ್ರಿಯ ತಂಗಾಳಿ ಯಾರಿಗೂ ಬೇಡ.

ಎದುರುಮನೆಯ ಅಜ್ಜಿ ಈ ಗೋಜಿಗೇ ಹೋಗಿಲ್ಲ. "ನಮ್ಮಲ್ಲೀಗ ನಲ್ಲಿ ಗ್ಯಾಸು, ಸಿಲಿಂಡರ್ ಕಾಯೋದು ತಪ್ಪಿತು ನೋಡಪ್ಪ" ಅಂತಾರೆ. "ಕೊಳವೆ ಮೂಲಕ ಸರಬರಾಜಾಗುವ ನೈಸರ್ಗಿಕ ಅನಿಲ"ಕ್ಕಿಂತ ಇದು ನೂರು ಪಾಲು ವಾಸಿ. ಕರಪತ್ರದಲ್ಲಿ "ನಲ್ಲಿ ಗ್ಯಾಸ್", "ಸಿಲಿಂಡರ್ ಗ್ಯಾಸ್" ಎಂದೇ ಹಾಕಿ, "ಅಡುಗೆ ಅನಿಲ"ವನ್ನು ಪೂರ್ತಿ ಕೈಬಿಡೋಣ ಅಂತಿದ್ದೇನೆ.

ಮಂಗಳೂರು, ಬೆಳಗಾವಿ, ಧಾರವಾಡ, ತುಮಕೂರು ಕಡೆ ಮನೆಯವರು, ಫಿಟ್ಟರುಗಳು ಪೈಪಿನ ಗ್ಯಾಸಿಗೆ ಏನಂತಾರೆ? ತುಳು, ಕೊಂಕಣಿ ಮಾತಿದ್ದರೂ ತಿಳಿಸಿ. ಶನಿವಾರ ಅಚ್ಚಿಗೆ ಕೊಡಬೇಕು.