ಮಗಳು ಬರೆದ ಚಿತ್ರದಲ್ಲಿ ಒಲೆ ಮುಂದೆ ಅವರಮ್ಮ! ಮನೆಯಲ್ಲಿ ಅಡುಗೆ ಮಾಡೋದು ನಾನು. ಇದೆಲ್ಲ ಎಲ್ಲಿಂದ ಕಲಿತಳು?

ಮಲ್ನಾಡ್ ಅಪ್ಪ:

ನಮಸ್ಕಾರ. ನಮ್ಮದು ಶಿವಮೊಗ್ಗ. ಹೆಂಡತಿ ಲ್ಯಾಬ್ ಟೆಕ್ನಿಷಿಯನ್, ಶಿಫ್ಟ್ ಕೆಲಸ. ನಾನು ಮನೆಯಿಂದಲೇ ಅಕೌಂಟ್ಸ್ ನೋಡುತ್ತೇನೆ. ಹಾಗಾಗಿ ಬೆಳಗಿನ ತಿಂಡಿ, ಮಧ್ಯಾಹ್ನದ ಅಡುಗೆ, ಮಗಳ ಜಡೆ ಎಲ್ಲ ನನ್ನ ಪಾಲಿಗೆ. ಅವಳಿಗೆ ಐದು ವರ್ಷ, ಯುಕೆಜಿ. ಮೊನ್ನೆ ಶಾಲೆಯಲ್ಲಿ 'ನನ್ನ ಕುಟುಂಬ' ಅಂತ ಚಿತ್ರ ಬರೆಸಿದ್ದಾರೆ. ಅದರಲ್ಲಿ ಅವರಮ್ಮ ಸೌಟು ಹಿಡಿದು ನಿಂತಿದ್ದಾಳೆ, ನಾನು ಬ್ಯಾಗ್ ಹಾಕಿಕೊಂಡು ಬೈಕ್ ಹತ್ತುತ್ತಿದ್ದೇನೆ. "ಅಡುಗೆ ಯಾರು ಮಾಡೋದು ಪುಟ್ಟಾ?" ಅಂತ ಕೇಳಿದರೆ "ಅಮ್ಮ" ಅಂತಾಳೆ, ಅದೂ ನಾನು ಹಾಕಿಕೊಟ್ಟ ದೋಸೆ ತಿನ್ನುತ್ತಾ.

ಇದೊಂದೇ ಅಲ್ಲ. ಪ್ಯಾಂಟ್ ಬೇಡ, ಫ್ರಾಕೇ ಬೇಕು, ಅದೂ ಪಿಂಕ್. ಅತ್ತೆ ಮಗ ಬಿದ್ದು ಮೊಣಕಾಲು ತರಚಿಕೊಂಡು ಅತ್ತರೆ "ನೀನು ಹುಡುಗ, ಅಳಬಾರದು" ಅಂದಳು. ನಾವಿಬ್ಬರೂ ಒಂದು ದಿನವೂ ಇಂಥ ಮಾತು ಆಡಿದವರಲ್ಲ. ನನಗೆ ನಿಜವಾಗಲೂ ಚಿಂತೆ ಆಗಿದೆ. ಈ ವಯಸ್ಸಿನಲ್ಲಿ ಕೂತದ್ದು ಜೀವನಪೂರ್ತಿ ಹಾಗೇ ಉಳಿಯುತ್ತಾ?

ಬಾಲವಾಡಿ ಟೀಚರ್:

ಸರ್, ಐದು ವರ್ಷ ಅಂದರೆ ಈ ವಿಷಯದಲ್ಲಿ ಅತಿ ಬಿಗಿಯಾದ ವಯಸ್ಸು. ನನ್ನ ತರಗತಿಯಲ್ಲಿ ವರ್ಷವರ್ಷವೂ ನೋಡುತ್ತೇನೆ. ಎರಡೂವರೆ ಮೂರಕ್ಕೆ ಮಗು "ನಾನು ಹುಡುಗಿ" ಅನ್ನುತ್ತೆ, ಆದರೆ ದೊಡ್ಡವಳಾದ ಮೇಲೆ ಅಪ್ಪ ಆಗ್ತೀನಿ ಅಂತಲೂ ಅನ್ನುತ್ತೆ. ಇದು ಬದಲಾಗದ ಸಂಗತಿ ಅನ್ನೋದು ನಾಲ್ಕೈದಕ್ಕೆ ಹೊಳೆಯುತ್ತೆ. ಕೂದಲು ಕತ್ತರಿಸಿದರೂ ಬಟ್ಟೆ ಬದಲಿಸಿದರೂ ಹುಡುಗಿ ಹುಡುಗಿಯೇ ಅಂತ ಹೆಚ್ಚಿನ ಮಕ್ಕಳಿಗೆ ಗಟ್ಟಿಯಾಗುವುದು ಆರೇಳರ ಹೊತ್ತಿಗೆ. ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲೇ ಇದನ್ನು ವಿವರಿಸಿದ್ದಾರೆ.

ಒಮ್ಮೆ ಒಂದು ಹುಡುಗಿ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಳು. ನುಣ್ಣಗಿನ ತಲೆ, ಅದರ ಮೇಲೆ ಗಂಧ. ಪಕ್ಕದಲ್ಲಿ ಕೂತವನು "ಟೀಚರ್, ಇವಳು ಈಗ ಹುಡುಗ ಆದಳಾ?" ಅಂತ ಕೇಳಿಬಿಟ್ಟ. ಸುಮ್ನೆ ಕೀಟಲೆಗಲ್ಲ, ಅವನಿಗೆ ನಿಜಕ್ಕೂ ಅನುಮಾನ. ಅವಳು ತಕ್ಷಣ ಎರಡೂ ಕಿವಿ ಹಿಡಿದು ತೋರಿಸಿದಳು, "ಓಲೆ ಇದೆ ನೋಡು" ಅಂತ. ನಿಮ್ಮ ಮಗಳ ಪಿಂಕ್ ಫ್ರಾಕ್ ಕೂಡ ಆ ಓಲೆಯ ಹಾಗೆಯೇ ಇರಬಹುದು. ತಾನು ಯಾರು ಅನ್ನೋದು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಅದಕ್ಕೇ ಹೊರಗಿನ ಗುರುತನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಏಳೆಂಟು ವರ್ಷದ ಹೊತ್ತಿಗೆ ತುಂಬಾ ಮಕ್ಕಳಲ್ಲಿ ಈ ಹಟ ತಾನಾಗಿ ಸಡಿಲ ಆಗುತ್ತೆ. ಫ್ರಾಕ್ ವಿಷಯಕ್ಕೆ ಜಗಳ ಆಡಬೇಡಿ. ಆದರೆ "ಹುಡುಗ ಅಳಬಾರದು" ಅಂದದ್ದನ್ನು ಮಾತ್ರ ಬಿಡಬೇಡಿ, ಅದರಿಂದ ಇನ್ನೊಂದು ಮಗುವಿಗೆ ನೋವಾಗುತ್ತೆ.

ಓದುಗ ಧಾರವಾಡ:

ಚಿತ್ರದ ಬಗ್ಗೆ ಒಂದು ಮಾತು. 1983ರಲ್ಲಿ ಮಾರ್ಟಿನ್ ಮತ್ತು ಹ್ಯಾಲ್ವರ್ಸನ್ ಅನ್ನುವ ಇಬ್ಬರು ಸಂಶೋಧಕರು ಐದಾರು ವರ್ಷದ ಮಕ್ಕಳಿಗೆ ಚಿತ್ರಗಳನ್ನು ತೋರಿಸಿದರು. ಕೆಲವು ರೂಢಿಯಂತೆ, ಕೆಲವು ರೂಢಿಗೆ ಉಲ್ಟಾ, ಹುಡುಗಿ ಗರಗಸ ಹಿಡಿದು ಮರ ಕೊಯ್ಯುವ ಥರದ್ದು. ವಾರ ಬಿಟ್ಟು ಕೇಳಿದಾಗ ಉಲ್ಟಾ ಚಿತ್ರಗಳನ್ನು ಎಷ್ಟೋ ಮಕ್ಕಳು ತಾವೇ ತಿದ್ದಿಕೊಂಡು ನೆನಪಿಟ್ಟಿದ್ದರು, ಮರ ಕೊಯ್ದದ್ದು ಹುಡುಗ ಅಂತ. ಕಣ್ಣಾರೆ ನೋಡಿದ್ದೂ ತಲೆಯೊಳಗಿನ ನಿಯಮಕ್ಕೆ ತಕ್ಕಂತೆ ಬದಲಾಗಿಬಿಡುತ್ತೆ. ನಿಮ್ಮ ದೋಸೆಗೂ ಹೀಗೇ ಆಗಿದೆ. ಆ ನಿಯಮ ಕಥೆ ಪುಸ್ತಕ, ಜಾಹೀರಾತು, ಮದುವೆ ಮನೆಯ ಮಾತು ಎಲ್ಲ ಕಡೆಯಿಂದ ಬರುತ್ತೆ, ನಿಮ್ಮ ಮನೆ ಒಂದೇ ಅಲ್ಲ.

ಶಾಲೆಯಿಂದಲೂ ಬರುತ್ತೆ. ಹುಡುಗರ ಸಾಲು, ಹುಡುಗಿಯರ ಸಾಲು, ಕ್ವಿಜ್ ಅಂದರೆ ಹುಡುಗರು ವರ್ಸಸ್ ಹುಡುಗಿಯರು. ರೆಬೆಕಾ ಬಿಗ್ಲರ್ ಇದನ್ನೇ ಪರೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದರು. ಟೀಚರ್ ದಿನವೂ ಮಕ್ಕಳನ್ನು ಗಂಡು ಹೆಣ್ಣು ಅಂತ ವಿಂಗಡಿಸಿದ ತರಗತಿಗಳಲ್ಲಿ "ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ" ಅನ್ನುವ ಯೋಚನೆ ಜಾಸ್ತಿ ಆಯಿತು. ನಿಮ್ಮ ಮಗಳ ಶಾಲೆಯಲ್ಲಿ ಸಾಲು ಹೇಗೆ ನಿಲ್ಲಿಸುತ್ತಾರೆ ಅಂತ ಕೇಳಿ ನೋಡಿ.

ಹಳೇ ಕಾಲದವನು:

ಎಲ್ಲ ಓದಿದೆ. ನನ್ನದೊಂದು ನೇರ ಪ್ರಶ್ನೆ. ಗಂಡು ಹೆಣ್ಣು ಅನ್ನೋದು ಹುಟ್ಟಿನಿಂದಲೇ ಬರುವುದಲ್ವಾ? ನೀವು ಏನು ಕಲಿಸಿದರೂ ಕಲಿಸದಿದ್ದರೂ ಅದು ಇದ್ದಂತೆ ಇರುತ್ತೆ. ಇದಕ್ಕೆಲ್ಲ ಸಂಶೋಧನೆ ಯಾಕೆ ಬೇಕು?

ಓದುಗ ಧಾರವಾಡ:

ಒಳ್ಳೆ ಪ್ರಶ್ನೆ ಹಿರಿಯರೇ. ಮೂರು ಸಂಗತಿ ಬೇರೆ ಬೇರೆ ಇಟ್ಟುಕೊಂಡು ನೋಡೋಣ. ನಾನು ಯಾರು ಅಂತ ನನಗೆ ಒಳಗಿನಿಂದ ಅನ್ನಿಸುವುದು ಒಂದು. ಸಮಾಜ ನನ್ನ ಕೈಗೆ ಕೊಟ್ಟ ಕೆಲಸ, ಬಟ್ಟೆ, ನಡವಳಿಕೆ ಇನ್ನೊಂದು. ಯಾರ ಮೇಲೆ ಮನಸ್ಸಾಗುತ್ತೆ ಅನ್ನೋದು ಮತ್ತೊಂದು.

ಮೊದಲನೆಯದನ್ನು ಹೊರಗಿನಿಂದ ಹೇರಲು ಹೋದರೆ ಏನಾಗುತ್ತೆ ಅನ್ನೋದಕ್ಕೆ ಕೆನಡಾದ ಡೇವಿಡ್ ರೀಮರ್ ಕಥೆ ಓದಿ. 1965ರಲ್ಲಿ ವಿನ್ನಿಪೆಗ್‌ನಲ್ಲಿ ಅವಳಿಜವಳಿಯಲ್ಲಿ ಒಬ್ಬನಾಗಿ ಹುಟ್ಟಿದ ಹುಡುಗ. ಎಂಟು ತಿಂಗಳಿನವನಿದ್ದಾಗ ಸುನ್ನತಿ ಮಾಡುವಾಗ ಶಿಶ್ನ ಸುಟ್ಟುಹೋಯಿತು. ಅಮೆರಿಕದ ಮನೋವಿಜ್ಞಾನಿ ಜಾನ್ ಮನಿ "ಹೆಣ್ಣಾಗಿ ಬೆಳೆಸಿ, ಹೆಣ್ಣೇ ಆಗುತ್ತೆ" ಅಂದರು. ತಂದೆತಾಯಿ ಹೆಸರು ಬದಲಿಸಿ ಫ್ರಾಕ್ ಹಾಕಿ ಬೆಳೆಸಿದರು. ಮಗು ಒಂದು ದಿನವೂ ನೆಮ್ಮದಿಯಾಗಿರಲಿಲ್ಲ. ಹದಿನಾಲ್ಕಕ್ಕೆ ನಿಜ ಗೊತ್ತಾದ ಮೇಲೆ ಹುಡುಗನಾಗಿಯೇ ಬದುಕಲು ಶುರು ಮಾಡಿದ. 2004ರಲ್ಲಿ ತೀರಿಕೊಂಡ. ಒಬ್ಬನ ಕಥೆಯಿಂದ ಎಲ್ಲರ ಬಗ್ಗೆ ತೀರ್ಪು ಕೊಡೋಕಾಗಲ್ಲ, ಆದರೂ ಒಳಗಿನ ಅನಿಸಿಕೆಯನ್ನು ಬಲವಂತದಿಂದ ಬದಲಿಸುವುದು ಎಂಥ ಕ್ರೌರ್ಯ ಅಂತ ತೋರಿಸಲು ಇದು ಸಾಕು.

ಹಾಗಾದರೆ ಹುಟ್ಟಿದಾಗ ಗಂಡು ಅಂತ ಬರೆಸಿ, ಒಳಗೆ ಹೆಣ್ಣು ಅನ್ನಿಸುವವರಿಗೂ ಇದೇ ನ್ಯಾಯ ಅಲ್ವಾ? ಬಳ್ಳಾರಿ ಕಡೆಯ ಮಂಜಮ್ಮ ಜೋಗತಿಯವರು ಹುಡುಗನಾಗಿಯೇ ಬೆಳೆದವರು. ಹದಿಹರೆಯದಲ್ಲಿ ಮನೆಯಲ್ಲಿ ಪಟ್ಟ ಪಾಡನ್ನು ಅವರೇ ಹೇಳಿಕೊಂಡಿದ್ದಾರೆ. ಅವರೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇನ್ನು ಸೌಟು ಯಾರ ಕೈಯಲ್ಲಿರಬೇಕು ಅನ್ನೋದು ಹುಟ್ಟಿನಿಂದ ಬರಲ್ಲ. ಮನೆಯಲ್ಲಿ ಸೌಟು ಹೆಂಗಸರ ಕೈಗೆ ಕೊಟ್ಟ ಸಮಾಜವೇ ಮದುವೆ ಅಡುಗೆಗೆ ಅಡುಗೆ ಭಟ್ಟರನ್ನು ಕರೆಯುತ್ತೆ.

ಗದುಗಿನ ಗೆಳೆಯ:

ಮೂರನೆಯದರ ಬಗ್ಗೆ ನಾನು ಹೇಳಬಹುದು. ನಾನು ಗೇ. ನಲವತ್ತು ದಾಟಿದೆ. ಮೊದಲ ಆಕರ್ಷಣೆ ತುಂಬಾ ಜನರಿಗೆ ಹತ್ತು ವರ್ಷದ ಆಸುಪಾಸಿನಲ್ಲೇ ಆಗುತ್ತೆ, ಹುಡುಗಿ ಮೇಲಾಗಲಿ ಹುಡುಗನ ಮೇಲಾಗಲಿ. ನನಗೂ ಹಾಗೇ. ವ್ಯತ್ಯಾಸ ಏನು ಅಂದರೆ ಬೇರೆ ಹುಡುಗರಿಗೆ ಅದನ್ನು ಹೇಳಲು ಮಾತು ಸಿಕ್ಕಿತ್ತು. ಹಾಸ್ಟೆಲಲ್ಲಿ ಲೈಟ್ ಆರಿಸಿದ ಮೇಲೆ ಒಬ್ಬೊಬ್ಬರೂ ತಾವು ಲೈನ್ ಹೊಡೆಯುವ ಹುಡುಗಿ ಹೆಸರು ಹೇಳಬೇಕಿತ್ತು. ನನ್ನ ಸರದಿ ಬರುವ ಹೊತ್ತಿಗೆ ನಿದ್ದೆ ಬಂದವನ ಹಾಗೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಆ ವಯಸ್ಸಿನಲ್ಲಿ ಬೇರೆಯವರು ಪ್ರೀತಿ ಮಾಡುವುದು ಹೇಗೆ ಅಂತ ಕಲಿತರು. ನಾನು ಕಲಿತದ್ದು ಬಚ್ಚಿಡುವುದನ್ನು. ಪ್ರೀತಿ ಮಾಡೋದನ್ನು ಮೂವತ್ತು ದಾಟಿದ ಮೇಲೆ ಮೊದಲಿನಿಂದ ಕಲಿಯಬೇಕಾಯಿತು.

ಮನೆಯವರು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮಾತ್ರೆ ಕೊಟ್ಟು "ಮದುವೆ ಮಾಡಿ, ಸರಿ ಹೋಗ್ತಾನೆ" ಅಂದರು. ಸಲಿಂಗ ಪ್ರೇಮ ರೋಗ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪಟ್ಟಿಯಿಂದ ತೆಗೆದಿತ್ತು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇದು ಅಪರಾಧ ಅಲ್ಲ ಅಂದಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇದನ್ನು 'ಬದಲಾಯಿಸ್ತೀವಿ' ಅಂತ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ಹೇಳಿತು. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ದಯವಿಟ್ಟು ಮಕ್ಕಳನ್ನು ಅಂಥ ಕಡೆ ಎಳೆದುಕೊಂಡು ಹೋಗಬೇಡಿ.

ಸರೋಜಾ ಮೈಸೂರು:

ನೀವೆಲ್ಲ ಇಪ್ಪತ್ತು ಮೂವತ್ತಕ್ಕೆ ಕಥೆ ಮುಗಿಯಿತು ಅನ್ನೋ ಹಾಗೆ ಬರೆಯುತ್ತಿದ್ದೀರಿ. ನನಗೆ ಅರವತ್ತೆರಡು. ನಮ್ಮ ಯಜಮಾನರು ಸರ್ವಿಸಿನಲ್ಲಿ ಇರುವಷ್ಟು ದಿನ ನೀರಿನ ಲೋಟವನ್ನೂ ಎತ್ತಿಕೊಂಡವರಲ್ಲ. ರಿಟೈರ್ ಆದ ಮೇಲೆ ಮೊಮ್ಮಗಳಿಗೆ ರಾಗಿ ಸರಿ ಕಾಯಿಸಿ, ಆರಿಸಿ, ತೊಡೆ ಮೇಲೆ ಕೂರಿಸಿಕೊಂಡು ತಿನ್ನಿಸುತ್ತಾರೆ. ನಾನೋ, ಮೊದಲೆಲ್ಲ ಬ್ಯಾಂಕಿಗೆ ಒಬ್ಬಳೇ ಹೋದವಳಲ್ಲ, ಈಗ ಗೆಳತಿಯರ ಜೊತೆ ಕಾಶಿಗೆ ಟಿಕೆಟ್ ನಾನೇ ಬುಕ್ ಮಾಡುತ್ತೇನೆ. ವಯಸ್ಸಾದಂತೆ ಗಂಡಸರು ಮೆತ್ತಗಾಗಿ ಹೆಂಗಸರು ಗಟ್ಟಿಯಾಗುತ್ತಾರೆ ಅಂತ ಡೇವಿಡ್ ಗಟ್‌ಮನ್ ಅನ್ನುವವರು ಬೇರೆ ಬೇರೆ ದೇಶಗಳಲ್ಲಿ ನೋಡಿ ಬರೆದಿದ್ದಾರಂತೆ.

ಇನ್ನೊಂದು ಮಾತನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ, ನಾನು ಹೇಳುತ್ತೇನೆ. ಮೊಮ್ಮಕ್ಕಳು ಬಂದ ಕೂಡಲೇ ಅಜ್ಜಿಗೆ ಮಕ್ಕಳ ಕೋಣೆ, ತಾತನಿಗೆ ಹಾಲ್‌ನಲ್ಲಿ ದಿವಾನ. ಯಾರೂ ನಮ್ಮನ್ನು ಕೇಳಲ್ಲ. ಅಮೆರಿಕದಲ್ಲಿ 57ರಿಂದ 85 ವರ್ಷದವರನ್ನು ಕೇಳಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 65ರಿಂದ 74ರ ನಡುವಿನವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ದಾಂಪತ್ಯ ಸುಖ ಬಿಟ್ಟಿರಲಿಲ್ಲ. ಇಲ್ಲಿಯವರ ಆಸೆ ಏನು ಒಣಗಿ ಹೋಗಿರುತ್ತಾ? ಮನೆ ಕಟ್ಟಿಸುವಾಗ ಅಪ್ಪ ಅಮ್ಮನಿಗೆ ಅಂತ ಬಾಗಿಲಿರುವ ಒಂದು ಕೋಣೆ ಇಡಿ.

ಮಲ್ನಾಡ್ ಅಪ್ಪ:

ಎಲ್ಲರಿಗೂ ಧನ್ಯವಾದ. ಸರೋಜಮ್ಮ, ನಿಮ್ಮ ಮಾತು ಓದಿ ನಮ್ಮ ಮನೆ ನೆನಪಾಯಿತು. ನಮ್ಮಮ್ಮನೂ ಮಗಳ ಜೊತೆಯೇ ಮಲಗುತ್ತಾರೆ, ಈ ವಾರ ಅವರನ್ನೇ ಕೇಳುತ್ತೇನೆ. ಸಾಲಿನ ವಿಷಯ ಪೇರೆಂಟ್ಸ್ ಮೀಟಿಂಗಿನಲ್ಲಿ ಎತ್ತುತ್ತೇನೆ. ಟೀಚರ್, ಶಾಲೆಯವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?

ಹೊಸಬ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಪಿಯುಸಿ. ನನಗೆ ಹುಡುಗ ಹುಡುಗಿ ಯಾರ ಮೇಲೂ ಏನೂ ಅನ್ನಿಸಲ್ಲ. ಇದು ತೊಂದರೆನಾ?

ಬಾಲವಾಡಿ ಟೀಚರ್:

ಸರ್, ತಪ್ಪು ಹುಡುಕುವ ಹಾಗೆ ಹೇಳಬೇಡಿ. ಹುಟ್ಟಿದ ತಿಂಗಳ ಪ್ರಕಾರ ಸಾಲು ಮಾಡಿದರೆ ಮಕ್ಕಳಿಗೆ ತಿಂಗಳ ಹೆಸರೂ ಬರುತ್ತೆ ಅನ್ನಿ. ನಾನು ಹಾಗೇ ಮಾಡುತ್ತೇನೆ, ತೊಂದರೆ ಏನೂ ಇಲ್ಲ.

ಹೊಸಬ, ತೊಂದರೆ ಅಲ್ಲಪ್ಪ. ಕೆಲವರಿಗೆ ತಡವಾಗಿ ಅನ್ನಿಸುತ್ತೆ, ಕೆಲವರಿಗೆ ಜೀವನದಲ್ಲಿ ಅನ್ನಿಸುವುದೇ ಇಲ್ಲ, ಅವರೂ ಚೆನ್ನಾಗಿ ಬದುಕುತ್ತಾರೆ. ಈಗಲೇ ಒಂದು ಹೆಸರು ಇಟ್ಟುಕೊಳ್ಳಬೇಕು ಅಂತಲೂ ಇಲ್ಲ. ಮನಸ್ಸಿಗೆ ಭಾರ ಅನ್ನಿಸಿದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.