ಡೆಪ್ತ್ ಜಂಪ್ ಶುರುಮಾಡಿ 8 ವಾರ, ಜಿಗಿತ ಒಂದಿಂಚೂ ಏರಿಲ್ಲ

ಸ್ಪೈಕ್_9: ವಾಲಿಬಾಲ್‌ಗಾಗಿ ವಾರಕ್ಕೆ ಮೂರು ದಿನ 4 ಸೆಟ್, ಸೆಟ್‌ಗೆ 10 ಡೆಪ್ತ್ ಜಂಪ್ (ಬಾಕ್ಸ್ ಮೇಲಿಂದ ಕೆಳಗಿಳಿದು, ನೆಲ ತಾಗಿದ ತಕ್ಷಣ ಮೇಲಕ್ಕೆ ಜಿಗಿಯೋದು). ಒಂದು ದಿನವೂ ತಪ್ಪಿಸಿಲ್ಲ. ನಿಂತಲ್ಲಿಂದ ಜಿಗಿದು ಗೋಡೆ ಮುಟ್ಟಿದ್ರೆ ಗುರುತು ಅಲ್ಲೇ ಇದೆ. ತಲೆ ಕೆಟ್ಟುಹೋಗಿದೆ. ಏನು ತಪ್ಪು?

ಲಿಬೆರೊ: ಶೂ ಯಾವುದು? ಮೆತ್ತನೆ ರನ್ನಿಂಗ್ ಶೂ ಆದ್ರೆ ಶಕ್ತಿಯೆಲ್ಲ ಸೋಲ್‌ನಲ್ಲೇ ಹೋಗುತ್ತೆ.

ಸ್ಪೈಕ್_9: ಕೋರ್ಟ್ ಶೂನೇ.

ಲಿಬೆರೊ: ಹಾಗಾದ್ರೆ ನೆಲ. ಮಣ್ಣಾ, ಸಿಮೆಂಟಾ?

ಮೀನಖಂಡ: ಶೂ, ನೆಲ ಆಮೇಲೆ ನೋಡೋಣ. ಬಾಕ್ಸ್ ಎತ್ತರ ಎಷ್ಟು? ಕಾಲು ನೆಲದ ಮೇಲೆ ಎಷ್ಟು ಹೊತ್ತು ಇರುತ್ತೆ? ಫೋನ್ ನೆಲದ ಮಟ್ಟಕ್ಕೆ ಇಟ್ಟು ಪಕ್ಕದಿಂದ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೊ ತೆಗೀರಿ. ಪಾದ ತಾಗಿದ ಫ್ರೇಮ್‌ನಿಂದ ಬಿಟ್ಟ ಫ್ರೇಮ್‌ವರೆಗೆ ಎಣಿಸಿ.

ಲಿಬೆರೊ: 30 ಫ್ರೇಮ್ ಸಾಕು.

ಮೀನಖಂಡ: ಸಾಲದು. 30ರಲ್ಲಿ ಒಂದು ಫ್ರೇಮ್ ಅಂದ್ರೆ 33 ಮಿಲಿಸೆಕೆಂಡ್. ಗಾಳಿಯಲ್ಲಿ ಅರ್ಧ ಸೆಕೆಂಡ್ ಇದ್ದವರಿಗೆ ಒಂದು ಫ್ರೇಮ್ ತಪ್ಪಿದ್ರೆ ಎತ್ತರದ ಲೆಕ್ಕದಲ್ಲಿ 4 ಸೆಂಮೀ ವ್ಯತ್ಯಾಸ. ಇಳಿಯುವಾಗ ಮಂಡಿ ಮಡಚಿದ್ರೂ ಎತ್ತರ ಸುಳ್ಳೇ ಜಾಸ್ತಿ ಬರುತ್ತೆ.

ಸ್ಪೈಕ್_9: ಬಾಕ್ಸ್ 60 ಸೆಂಮೀ. ನೆಲದ ಮೇಲೆ 82 ಫ್ರೇಮ್, ಗಾಳಿಯಲ್ಲಿ 125.

ಮೀನಖಂಡ: ಸಿಕ್ತು ನೋಡಿ. 82 ಫ್ರೇಮ್ ಅಂದ್ರೆ 342 ಮಿಲಿಸೆಕೆಂಡ್. ಡೆಪ್ತ್ ಜಂಪ್‌ನಲ್ಲಿ 250ರ ಒಳಗಿರಬೇಕು. ಮೀನಖಂಡ ಬಿಗಿಯಾಗಿ ನಿಂತರೆ ಹಿಮ್ಮಡಿಯ ಸ್ನಾಯುರಜ್ಜು ಸ್ಪ್ರಿಂಗ್ ಥರ ಹಿಗ್ಗಿ ಶಕ್ತಿ ವಾಪಸ್ ಕೊಡುತ್ತೆ. ಎತ್ತರ ಅತಿಯಾದ್ರೆ ಸ್ನಾಯು ಸೋತು ಬಗ್ಗುತ್ತೆ, ಹಿಮ್ಮಡಿ ನೆಲಕ್ಕೆ ಬಡಿಯುತ್ತೆ, ಆ ಶಕ್ತಿ ಶಾಖವಾಗಿ ಹೋಗುತ್ತೆ. 8 ವಾರ ನೀವು ರೂಢಿಸಿಕೊಂಡಿದ್ದು ಇಳಿಯೋದನ್ನ, ಜಿಗಿಯೋದನ್ನಲ್ಲ. ಗಾಳಿಯಲ್ಲಿ 125 ಫ್ರೇಮ್ ಅಂದ್ರೆ ಜಿಗಿತ 33 ಸೆಂಮೀ. ನೆಲದಿಂದ ಎಷ್ಟು ಚುರುಕಾಗಿ ಚಿಮ್ತೀರಿ ಅಂತ ತಿಳಿಯೋಕೆ, ಮೀಟರ್‌ನಲ್ಲಿ ಜಿಗಿತದ ಎತ್ತರವನ್ನ ಕಾಲು ನೆಲದ ಮೇಲಿದ್ದ ಸೆಕೆಂಡ್‌ಗಳಿಂದ ಭಾಗಿಸಿ, 1 ಕೂಡ ಬರಲ್ಲ.

30 ಸೆಂಮೀಗೆ ಇಳಿಸಿ. 4 ಸೆಟ್, ಸೆಟ್‌ಗೆ 5. ಪ್ರತಿ ಜಿಗಿತದ ನಡುವೆ 10–15 ಸೆಕೆಂಡ್, ಸೆಟ್ ನಡುವೆ 2–3 ನಿಮಿಷ, ಅಭ್ಯಾಸದ ದಿನಗಳ ನಡುವೆ ಕನಿಷ್ಠ 48 ಗಂಟೆ. ಬಾಕ್ಸ್‌ನಿಂದ ಹಾರಬೇಡಿ, ಹೆಜ್ಜೆ ಇಟ್ಟು ಬೀಳಿ. ಕಾದ ಹೆಂಚು ಮುಟ್ಟಿದ ಹಾಗೆ ನೆಲ ಬಿಡಿ. ಮಂಡಿ ಒಳಕ್ಕೆ ವಾಲಿದ್ರೆ ಆ ದಿನ ಅಲ್ಲಿಗೇ ನಿಲ್ಲಿಸಿ.

ಬ್ಲಾಕರ್_ಅಣ್ಣ: ಒಂದು ಬಿಟ್ಟುಹೋಯ್ತು. ನಿಂತಲ್ಲಿಂದ ಜಿಗಿಯೋದು ಸ್ನಾಯುವಿನ ನಿಧಾನದ ಹಿಗ್ಗು-ಕುಗ್ಗು, 250 ಮಿಲಿಸೆಕೆಂಡ್‌ಗಿಂತ ತುಂಬಾ ಜಾಸ್ತಿ ಹಿಡಿಯುತ್ತೆ. ಡೆಪ್ತ್ ಜಂಪ್‌ನ ಲಾಭ ಅದಕ್ಕೆ ಪೂರ್ತಿ ದಾಟಲ್ಲ. ಸ್ಕ್ವಾಟ್ ಬೇಕೇ ಬೇಕು. ಗೋಡೆ ಗುರುತು ಯಾವಾಗ ನೋಡ್ತೀರಿ?

ಸ್ಪೈಕ್_9: ಅಭ್ಯಾಸ ಮುಗಿದ ತಕ್ಷಣ.

ಬ್ಲಾಕರ್_ಅಣ್ಣ: ದಣಿದ ಕಾಲಲ್ಲಿ ಅಳೆದ್ರೆ ಏನು ಗೊತ್ತಾಗುತ್ತೆ? ಎರಡು ದಿನ ಬಿಟ್ಟು, ವಾರ್ಮ್ ಅಪ್ ಆದ್ಮೇಲೆ ಅಳೆಯಿರಿ.

ಲಿಬೆರೊ: ನಮ್ಮ ಬಾಕ್ಸ್ 18 ಎಂಎಂ ಪ್ಲೈವುಡ್, 30-45-60 ಮೂರೂ ಎತ್ತರ ಒಂದರಲ್ಲೇ. ಮೇಲೆ ರಬ್ಬರ್ ಮ್ಯಾಟ್ ಅಂಟಿಸಿದೆ, ಒಂಚೂರೂ ಅಲ್ಲಾಡಲ್ಲ. ಫೋಟೊ ಹಾಕ್ತೀನಿ.

ಸ್ಪೈಕ್_9: 30 ಸೆಂಮೀಯಲ್ಲಿ ಇವತ್ತು ನೋಡ್ದೆ, 54 ಫ್ರೇಮ್. ಗಾಳಿಯಲ್ಲಿ ಅದೇ 125. ಆದ್ರೆ ಎಡ ಹಿಮ್ಮಡಿ ಮಾತ್ರ ಇನ್ನೂ ನೆಲಕ್ಕೆ ತಾಗ್ತಿದೆ, ಬಲದ್ದು ಇಲ್ಲ. ಇದು ಯಾಕೆ?