ಸ್ಪ್ರಿಂಗ್ ಶೂ ಟ್ರೀ ಹಾಕಿಟ್ಟ ಮೇಲೆ ಹಿಮ್ಮಡಿ ಉಬ್ಬಿದೆ. ಮರದ್ದು ತಗೊಳ್ಳಲಾ, ಪೇಪರ್ ತುರುಕಿದರೆ ಸಾಕಾ?

ಕಪ್ಪುಲೇಸು:

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಹಾಕೋದು ಕಪ್ಪು ಚರ್ಮದ ಆಕ್ಸ್‌ಫರ್ಡ್ ಶೂ, ಸೋಲ್ ಕೂಡ ಚರ್ಮದ್ದೇ. ದಿನವಿಡೀ ನಿಂತೇ ಇರುವ ಕೆಲಸ. ಸಂಜೆ ಬಿಚ್ಚುವಾಗ ಒಳಗೆ ಕೈ ಹಾಕಿದರೆ ತಣ್ಣಗೆ ಹಸಿಹಸಿ ಇರುತ್ತೆ. ಶೂ ಜೊತೆಗೇ ಒಂದು ಜೋಡಿ ಟ್ರೀ, ಅಂದರೆ ಆಕಾರ ಕೆಡದಿರಲಿ ಅಂತ ಬಿಚ್ಚಿದ ಶೂ ಒಳಗೆ ಕೂರಿಸುವ ಅಚ್ಚು, ಬಂದಿತ್ತು: ಮುಂದೆ ಪ್ಲಾಸ್ಟಿಕ್ ಮೂತಿ, ಹಿಂದೆ ಸಣ್ಣದೊಂದು ಗುಂಡು, ಎರಡರ ಮಧ್ಯೆ ಬಿಲ್ಲಿನ ಥರ ಬಾಗಿಸಿ ಕೂರಿಸುವ ಉಕ್ಕಿನ ಪಟ್ಟಿ. ಬಿಚ್ಚಿದ ಕೂಡಲೇ ತಪ್ಪದೆ ಅದನ್ನೇ ಹಾಕಿಡ್ತಾ ಇದ್ದೆ.

ಈಗ ನೋಡಿದರೆ ಹಿಮ್ಮಡಿ ಹಿಂಭಾಗದಲ್ಲಿ, ಹೊಲಿಗೆ ಹತ್ತಿರ, ಗುಂಡು ತಾಗುವ ಜಾಗದಲ್ಲೇ ಒಂದು ಉಬ್ಬು ಬಂದಿದೆ. ಹೊರಗಿನಿಂದ ಬೆರಳಾಡಿಸಿದರೆ ಗೊತ್ತಾಗುತ್ತೆ. ನಡೆಯುವಾಗ ಹಿಮ್ಮಡಿ ಸ್ವಲ್ಪ ಜಾರುತ್ತೆ ಕೂಡ. ಇಷ್ಟಾದರೂ ಬೆರಳಿನ ಬುಡದ ನೆರಿಗೆಗಳೇನೂ ಕಡಿಮೆಯಾಗಿಲ್ಲ. ಶೂ ಮೂತಿ ಬೇರೆ ನೆಲ ಬಿಟ್ಟು ಮೇಲೆದ್ದಿದೆ.

ಸೀಡರ್ ಮರದ್ದು ತಗೊಳ್ಳಿ, ಎಲ್ಲ ಸರಿಹೋಗುತ್ತೆ ಅಂತ ಒಬ್ಬರು ಅಂದರು. ಅದೆಲ್ಲ ಶೋಕಿ, ಪೇಪರ್ ಸಾಕು ಅಂತ ಇನ್ನೊಬ್ಬರು. ಬಳಸಿ ನೋಡಿದವರು ಹೇಳಿ. ಅಂಥ ಶೂ ನನ್ನ ಹತ್ತಿರ ಮೂರು ಜೋಡಿ ಇದೆ, ಮೂರಕ್ಕೂ ಟ್ರೀ ಕೊಳ್ಳಬೇಕಾ ಅನ್ನೋದೂ ಒಂದು ಪ್ರಶ್ನೆ.

ನಿಧಾನಸ್ಥ:

ಆ ಇನ್ನೊಬ್ಬರ ಪಕ್ಷ ನಂದು. ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ, ಬೆಳಗ್ಗೆ ತೆಗೀರಿ. ಪಸೆ ಎಳೆಯೋದರಲ್ಲಿ ಯಾವ ಮರವೂ ಪೇಪರಿನ ಹತ್ತಿರ ಬರಲ್ಲ. ನಮ್ಮಪ್ಪ ಇಡೀ ಸರ್ವಿಸು ಹೀಗೇ ಕಳೆದರು, ಅವರ ಬೂಟಿಗೇನೂ ಆಗಲಿಲ್ಲ. ಒಂದೇ ಎಚ್ಚರಿಕೆ, ಶೂ ಒಳಗಿನ ಲೈನಿಂಗ್ ತಿಳಿ ಬಣ್ಣದ್ದಾದರೆ ಪೇಪರಿನ ಮಸಿ ಹತ್ತುತ್ತೆ. ಆಗ ಅಚ್ಚಿಲ್ಲದ ಕಾಗದ ಬಳಸಿ.

ಮೇಣದದಾರ:

ನನ್ನ ಕೆಲಸ ಶೂ ರಿಪೇರಿ. ಸೋಲ್ ಬದಲಿಸೋದು, ಹಿಮ್ಮಡಿ ಕಟ್ಟೋದು, ಬಿಟ್ಟ ಹೊಲಿಗೆ ಹಾಕೋದು. ಕಪ್ಪುಲೇಸು ಅವರು ಹೇಳಿದ ಉಬ್ಬು ನನ್ನ ಬೆಂಚಿಗೆ ಬರ್ತಾನೇ ಇರುತ್ತೆ. ಶೂ ಕೈಗೆತ್ತಿಕೊಂಡ ಕೂಡಲೇ ಇದಕ್ಕೆ ಯಾವ ಟ್ರೀ ಹಾಕಿದ್ದರು ಅಂತ ಹೇಳಬಹುದು.

ಹಿಮ್ಮಡಿ ಭಾಗದಲ್ಲಿ ಹೊರಚರ್ಮಕ್ಕೂ ಲೈನಿಂಗ್‌ಗೂ ಮಧ್ಯೆ ಕೌಂಟರ್ ಅಂತ ಒಂದು ಗಟ್ಟಿ ಪದರ ಇರುತ್ತೆ. ಹಿಮ್ಮಡಿಯನ್ನ ಸುತ್ತಲಿಂದ ಹಿಡಿದುಕೊಳ್ಳೋದು ಅದೇ. ನಿಮ್ಮ ಹಿಮ್ಮಡಿ ಅದರ ಮೇಲೆ ಒತ್ತುವಾಗ ಭಾರ ಅಗಲಕ್ಕೆ ಹಂಚಿಹೋಗುತ್ತೆ. ಉಕ್ಕಿನ ಪಟ್ಟಿಯ ಟ್ರೀ ಹಾಗಲ್ಲ, ಪಟ್ಟಿಯ ಬಲವನ್ನೆಲ್ಲ ಆ ಸಣ್ಣ ಗುಂಡಿನ ಮೂಲಕ ಒಂದೇ ಬಿಂದುವಿಗೆ ಹಾಕುತ್ತೆ. ಅದೂ ಯಾವಾಗ? ಶೂ ಬಿಚ್ಚಿದ ಕೂಡಲೇ, ಬೆವರಿಗೆ ಚರ್ಮ ಮೆದುವಾಗಿರುವಾಗ. ರಾತ್ರಿಯಿಡೀ ಹಾಗೇ ಒತ್ತಿಕೊಂಡು ಒಣಗಿದರೆ ಉಬ್ಬು ಬರದೆ ಇನ್ನೇನು? ನೀವು ಹಾಕಿದ ಹೊತ್ತು ಸರಿಯಾಗೇ ಇತ್ತು, ಆ ಸಾಮಾನೇ ಸರಿಯಿಲ್ಲ.

ಟ್ರೀ ಯಾಕೆ ಅನ್ನೋದೂ ಇದರಲ್ಲೇ ಇದೆ. ಒದ್ದೆ ಚರ್ಮ ಯಾವ ಆಕಾರದಲ್ಲಿ ಒಣಗುತ್ತೋ ಆ ಆಕಾರದಲ್ಲೇ ನಿಲ್ಲುತ್ತೆ. ಶೂ ಹುಟ್ಟೋದೇ ಹಾಗೆ: ಲಾಸ್ಟ್ ಅನ್ನೋ ಪಾದದಾಕಾರದ ಅಚ್ಚಿನ ಮೇಲೆ ಚರ್ಮ ಎಳೆದು, ಬಿಗಿದು, ಅದರ ಮೇಲೇ ಕೂರೋಕೆ ಬಿಡ್ತಾರೆ. ನೀವು ದಿನವಿಡೀ ನಡೆದು ಚರ್ಮವನ್ನ ಮತ್ತೆ ಮೆದು ಮಾಡ್ತೀರಿ, ಬೆರಳಿನ ಬುಡದಲ್ಲಿ ಮಡಚ್ತೀರಿ. ಬಿಚ್ಚಿ ಖಾಲಿ ಬಿಟ್ಟರೆ ಆ ಮಡಿಕೆ ಹಾಗೇ ಒಣಗುತ್ತೆ, ಬೆವರಿನ ಉಪ್ಪೂ ಅದರೊಳಗೇ ಉಳಿಯುತ್ತೆ. ಮಾರನೇ ಸಲ ಅದೇ ಗೆರೆಯಲ್ಲಿ ಇನ್ನಷ್ಟು ಆಳಕ್ಕೆ ಮುರಿಯುತ್ತೆ. ಬಿಚ್ಚಿದ ಮೊದಲ ರಾತ್ರಿ ಒಳಗಿನಿಂದ ಮೇಲ್ಭಾಗವನ್ನ ತುಂಬಿಕೊಂಡು ನಿಲ್ಲೋಕೆ ಏನಾದರೂ ಬೇಕು. ಟ್ರೀಗೆ ಇರುವ ಕೆಲಸ ಮುಖ್ಯವಾಗಿ ಇಷ್ಟೇ. ಒಣಗಿದ ಶೂ ಒಳಗೆ ತಿಂಗಳುಗಟ್ಟಲೆ ಟ್ರೀ ಇಟ್ಟು ಬೀರು ಅಲಂಕಾರ ಮಾಡೋದು ಅವರವರ ಇಷ್ಟ.

ಹಾಗಾಗಿ ಮೂರು ಜೋಡಿ ಶೂಗೆ ಮೂರು ಜೋಡಿ ಟ್ರೀ ಬೇಡ, ಒಂದು ಸಾಕು. ಇವತ್ತು ಹಾಕಿದ್ದಕ್ಕೆ ಇವತ್ತು ರಾತ್ರಿ. ನಾಳೆ ಸಂಜೆ ಅದರಿಂದ ತೆಗೆದು ನಾಳೆ ಹಾಕಿದ್ದಕ್ಕೆ. ಒಂದೇ ಶೂ ದಿನಾ ಹಾಕಬೇಡಿ ಅಂತ ಬೇರೆ ಹೇಳಬೇಕಿಲ್ಲ, ಹೆಂಗೂ ಮೂರು ಜೋಡಿ ಇದೆಯಲ್ಲ.

ಕೊಳ್ಳುವಾಗ ಮೊದಲು ಹಿಂಭಾಗ ನೋಡಿ. ಹಿಮ್ಮಡಿ ತುಂಡು ಅಗಲವಾಗಿ, ಗುಂಡಗೆ, ನಿಜವಾದ ಹಿಮ್ಮಡಿಯ ಆಕಾರದಲ್ಲಿರಬೇಕು. ಸಪೂರ ಗುಬುಟು ಇದ್ದರೆ ಮರದ್ದಾದರೂ ಬೇಡ. ಮುಂದಿನ ಮೂತಿ ಉದ್ದಕ್ಕೆ ಸೀಳಿ ಎರಡು ಹೋಳಾಗಿದ್ದು, ಮಧ್ಯೆ ಸಣ್ಣ ಸ್ಪ್ರಿಂಗ್ ಇದ್ದರೆ ಒಳ್ಳೇದು. ಒಳಗೆ ಹೋದ ಮೇಲೆ ಅಗಲಕ್ಕೆ ತೆರೆದುಕೊಳ್ಳುತ್ತೆ. ನಿಮ್ಮ ನೆರಿಗೆ ಯಾಕೆ ಹೋಗಲಿಲ್ಲ ಅಂದರೆ ಆ ಪ್ಲಾಸ್ಟಿಕ್ ಮೂತಿ ನಿಲ್ಲೋದು ಬೆರಳಿನ ತುದಿಯಲ್ಲಿ, ನೆರಿಗೆ ಇರೋದು ಅದರ ಹಿಂದೆ. ತುಂಬಬೇಕಾದ ಜಾಗ ಖಾಲಿಯೇ ಇತ್ತು.

ಅಳತೆ ವಿಷಯದಲ್ಲಿ ಹುಷಾರು. ಯುಕೆ ನಂಬರಿನಲ್ಲಿ ಒಂದು ಸೈಜ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಯುರೋಪಿಯನ್ ನಂಬರಿನಲ್ಲಿ ಸುಮಾರು 6.7 ಮಿ.ಮೀ. ಒಂದು ಸೈಜ್ ದೊಡ್ಡದನ್ನ ತುರುಕಿದರೆ ಅಷ್ಟು ಉದ್ದ ರಾತ್ರಿಯಿಡೀ ಶೂವನ್ನ ಹಿಗ್ಗಿಸ್ತಾ ಇರುತ್ತೆ. ಎರಡು ಸೈಜಿನ ಮಧ್ಯೆ ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ. ಹಾಕಿ ನೋಡಿದಾಗ ಮೇಲಿನ ಚರ್ಮ ನಯವಾಗಿ ತುಂಬಿಕೊಂಡಿರಬೇಕು, ಬಿಗಿದು ಹೊಳೆಯಬಾರದು. ಹಿಮ್ಮಡಿಯ ಮೇಲಂಚು ಬಾಯಿ ಬಿಡಬಾರದು. ಲೇಸಿನ ತೂತುಗಳ ಎರಡು ಸಾಲಿನ ನಡುವಿನ ಸಂದು, ನೀವು ಹಾಕಿಕೊಂಡಾಗ ಇರುವುದಕ್ಕಿಂತ ಅಗಲವಾದರೆ ಟ್ರೀ ದಪ್ಪ ಆಯ್ತು ಅಂತಲೇ ಅರ್ಥ.

ಹಾಕುವ ಕ್ರಮ: ಲೇಸ್ ಪೂರ್ತಿ ಸಡಿಲಿಸಿ. ಮೂತಿ ಮೊದಲು ಒಳಗೆ ಹೋಗಲಿ. ಮೂತಿಗೂ ಹಿಮ್ಮಡಿ ತುಂಡಿಗೂ ನಡುವೆ ಇರುವ ಕೊಳವೆಯನ್ನ ಒತ್ತಿ ಗಿಡ್ಡ ಮಾಡಿಕೊಂಡು ಹಿಮ್ಮಡಿ ತುಂಡನ್ನ ಮೆಲ್ಲಗೆ ಇಳಿಸಿ. ಟಪ್ ಅಂತ ಬಿಡಬೇಡಿ, ಲೈನಿಂಗ್ ಹರಿಯೋದು ಅಲ್ಲೇ.

ಇನ್ನು ಮೂತಿ ಮೇಲೇಳೋದು. ಅದರಲ್ಲಿ ಒಂದಷ್ಟು ಬೇಕೆಂದೇ ಮಾಡಿದ್ದು. ಹೊಸ ಶೂ ಮೇಜಿನ ಮೇಲಿಟ್ಟು ನೋಡಿ, ತುದಿಯ ಕೆಳಗೆ ಸ್ವಲ್ಪ ಜಾಗ ಇದ್ದೇ ಇರುತ್ತೆ. ಟೋ ಸ್ಪ್ರಿಂಗ್ ಅಂತಾರೆ, ನಡೆಯುವಾಗ ಪಾದ ಉರುಳೋಕೆ ಅನುಕೂಲ. ಮೊದಲಿಗಿಂತ ಎದ್ದು ಕಾಣ್ತಿದ್ದರೆ ಚರ್ಮದ ಸೋಲ್ ಬಾಗಿದ ಆಕಾರದಲ್ಲೇ ಒಣಗ್ತಾ ಬಂದಿದೆ. ಉದ್ದಕ್ಕೂ ತುಂಬಿಕೊಳ್ಳುವ ಮರದ ಟ್ರೀ ಅದನ್ನ ಒಂದು ಮಟ್ಟಿಗೆ ಹಿಡಿದಿಡುತ್ತೆ, ಪೂರ್ತಿ ಚಪ್ಪಟೆ ಮಾಡಲ್ಲ.

ನಿಧಾನಸ್ಥ ಅವರ ಪೇಪರ್ ವಾದಕ್ಕೆ ಅರ್ಧ ಸೈ. ಪಸೆ ಎಳೆಯೋದರಲ್ಲಿ ಪೇಪರ್ ಜೋರು, ಒಪ್ಪಿದೆ. ಆದರೆ ಉಂಡೆ ಪೇಪರಿಗೆ ಪಾದದ ಆಕಾರ ಗೊತ್ತಿಲ್ಲ. ಒಂದು ಕಡೆ ಗಂಟು, ಪಕ್ಕದಲ್ಲಿ ಟೊಳ್ಳು. ಹಸಿಯಾದ ಮೇಲೆ ಕುಸಿದು ಮುದ್ದೆಯಾಗುತ್ತೆ, ಸೋಲನ್ನಂತೂ ಹಿಡಿದು ನಿಲ್ಲಿಸಲ್ಲ.

ಕಪ್ಪುಲೇಸು:

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹಾಗಾದರೆ ಸೀಡರ್ರೇ ಆಗಬೇಕಾ? ಬೀಚ್ ಮರದ್ದು ಕಡಿಮೆಗೆ ಸಿಗ್ತಿದೆ, ಮೇಲೆ ಮಿರಮಿರ ವಾರ್ನಿಶ್ ಹೊಡೆದಿದ್ದಾರೆ. ಇನ್ನೊಂದು, ಮಳೆಗೆ ಸಿಕ್ಕಿ ಪೂರ್ತಿ ನೆನೆದ ದಿನವೂ ಬಿಚ್ಚಿದ ಕೂಡಲೇ ಟ್ರೀ ಹಾಕಬಹುದಾ? ಈಗಾಗಲೇ ಬಂದ ಉಬ್ಬಿಗೆ ಏನಾದರೂ ದಾರಿ ಇದೆಯಾ?

ಓಟದಹುಚ್ಚು:

ಮಧ್ಯೆ ಬಾಯಿ ಹಾಕ್ತಿದ್ದೀನಿ. ಇದೆಲ್ಲ ಓಡುವ ಶೂಗೂ ಅನ್ವಯ ಆಗುತ್ತಾ? ನನ್ನ ಒಂದು ಜೋಡಿ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೆ, ಒಳಗೆ ಪೇಪರ್ ಕೂಡ ಇತ್ತು. ತುಂಬಾ ಕಾಲದ ಮೇಲೆ ತೆಗೆದು ಹಾಕಿಕೊಂಡರೆ ಸೋಲ್ ರವೆ ರವೆಯಾಗಿ ಉದುರಿಹೋಯ್ತು. ಮೇಲ್ಭಾಗ ಮಾತ್ರ ಹೊಸದರ ಹಾಗೇ ಇದೆ.

ಮೇಣದದಾರ:

ಓಟದಹುಚ್ಚು ಅವರೇ, ನಿಮ್ಮದು ಬೇರೆಯದೇ ಕಥೆ. ಅದು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಸೋಲ್ ಇರಬೇಕು. ಗಾಳಿಯಲ್ಲಿರುವ ತೇವಾಂಶವೇ ಅದರ ರಾಸಾಯನಿಕ ಕೊಂಡಿಗಳನ್ನ ಕಡಿಯುತ್ತಾ ಬರುತ್ತೆ, ಹಾಕಿದರೂ ಹಾಕದಿದ್ದರೂ. ಹೈಡ್ರಾಲಿಸಿಸ್ ಅಂತ ಹೆಸರು. ಅದಕ್ಕೆ ಟ್ರೀಯೂ ಇಲ್ಲ, ಪೇಪರೂ ಇಲ್ಲ. ಇವಿಎ ಫೋಮಿನ ಸೋಲ್ ಈ ರೀತಿ ಪುಡಿಯಾಗಲ್ಲ. ಬಟ್ಟೆ, ಜಾಲರಿಯ ಮೇಲ್ಭಾಗ ಒಣಗಿ ಆಕಾರ ಹಿಡಿಯುವ ಜಾತಿಯಲ್ಲ, ಒಳಗಿನ ಇನ್‌ಸೋಲ್ ತೆಗೆದು ಗಾಳಿಗಿಟ್ಟರೆ ಸಾಕು. ಚರ್ಮದ ಸ್ನೀಕರ್ ಆದರೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತೆ.

ಕಪ್ಪುಲೇಸು ಅವರೇ, ಸೀಡರ್ರೇ ಬೇಕು ಅಂತೇನಿಲ್ಲ. ಶೂ ಟ್ರೀಗೆ ಹೆಚ್ಚಾಗಿ ಬಳಸುವ ರೆಡ್ ಸೀಡರ್ ಉತ್ತರ ಅಮೆರಿಕದ ಒಂದು ಜೂನಿಪರ್ ಮರ. ಹಿಂದೆ ಪೆನ್ಸಿಲ್ಲಿಗೆ ಬಳಸ್ತಾ ಇದ್ದದ್ದೂ ಅದನ್ನೇ. ಪೆನ್ಸಿಲ್ ಹೆರೆದಾಗ ಬರ್ತಿದ್ದ ಆ ಘಮ ಶೂ ಒಳಗೆ ಬಂದರೆ ಯಾರು ಬೇಡ ಅಂತಾರೆ? ವಾಸನೆ ಇಳಿದಾಗ ನಯವಾದ ಸ್ಯಾಂಡ್‌ಪೇಪರಿನಲ್ಲಿ ಮೇಲ್ಮೈ ಒಂಚೂರು ತಿಕ್ಕಿದರೆ ಮತ್ತೆ ಏಳುತ್ತೆ. ಆದರೆ ಚರ್ಮಕ್ಕೆ ಘಮ ಮುಖ್ಯ ಅಲ್ಲ, ಆಕಾರ ಮುಖ್ಯ. ಸರಿಯಾಗಿ ಕೂರುವ ಬೀಚ್, ಸರಿಯಾಗಿ ಕೂರದ ಸೀಡರ್‌ಗಿಂತ ಎಷ್ಟೋ ವಾಸಿ. ವಾರ್ನಿಶ್ ಬಳಿದದ್ದು ಪಸೆ ಅಷ್ಟಾಗಿ ಹೀರಲ್ಲ. ನಿಮ್ಮ ಕಾಲು ಬೆವರುವ ಪರಿ ಕೇಳಿದರೆ ಬಳಿಯದ ಮರವೇ ಮೇಲು. ಬರೀ ಮರವಾದರೆ ಅದಕ್ಕೂ ಒಣಗೋಕೆ ಹೊತ್ತು ಬೇಕು, ಶೂಯಿಂದ ತೆಗೆದಾಗ ಡಬ್ಬಿಯಲ್ಲಿ ಮುಚ್ಚಿಡಬೇಡಿ.

ನೆನೆದ ದಿನ ನಿಧಾನಸ್ಥ ಅವರ ಮಾತು ಕೇಳಿ. ಮೊದಲು ಪೇಪರ್. ಲೇಸ್ ಬಿಚ್ಚಿ, ಸಡಿಲವಾಗಿ ತುಂಬಿ, ಹಸಿಯಾದ ಹಾಗೆಲ್ಲ ಬದಲಿಸಿ. ಸೋಲ್‌ಗೂ ಗಾಳಿಯಾಡಲಿ ಅಂತ ಶೂವನ್ನ ಪಕ್ಕಕ್ಕೆ ಮಲಗಿಸಿ. ನೀರೆಲ್ಲ ಇಳಿದು ಬರೀ ತೇವ ಉಳಿದಾಗ ಟ್ರೀ ಹಾಕಿ. ಬಿಸಿಲು, ಹೀಟರ್, ಕೂದಲು ಒಣಗಿಸುವ ಯಂತ್ರ ಯಾವುದೂ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರು ಮುದುಡಿ ಸೆಟೆದುಕೊಳ್ಳುತ್ತೆ. ಹಾಗೆ ಸೆಟೆದದ್ದನ್ನ ಮೊದಲಿನ ಹಾಗೆ ಮಾಡೋಕೆ ನನ್ನ ಕೈಲಿ ಆಗಲ್ಲ.

ಉಬ್ಬಿನ ವಿಷಯ. ಹೆಬ್ಬೆರಳಿನಿಂದ ಹಿಮ್ಮಡಿಯ ಹಿಂಭಾಗ ಒತ್ತಿ ನೋಡಿ. ಗಟ್ಟಿಯಾಗಿ ಎದುರು ಒತ್ತಿದರೆ ಕೌಂಟರ್ ಇನ್ನೂ ಚೆನ್ನಾಗಿದೆ, ಬರೀ ಹಿಗ್ಗಿದೆ. ಒಳಗೆ ತೆಳು ಚರ್ಮದ ಹಿಮ್ಮಡಿ ಪಟ್ಟಿ ಅಂಟಿಸಿಕೊಂಡರೆ ಜಾರೋದು ನಿಲ್ಲುತ್ತೆ. ಲಟಕ್ ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಕೌಂಟರ್ ಮುರಿದಿದೆ. ಬದಲಿಸಬೇಕು ಅಂದರೆ ಹಿಂಭಾಗ ಬಿಚ್ಚಬೇಕು, ಶೂ ಒಳ್ಳೆಯದಾದರೆ ಮಾತ್ರ ಆ ಖರ್ಚು ಗಿಟ್ಟುತ್ತೆ.

ನಿಧಾನಸ್ಥ:

ಅರ್ಧ ಸೈ ಅಂದಿರಿ, ಮಳೆಗಾಲದ ಪಾಲು ಪೂರ್ತಿ ನನಗೇ ಬಿಟ್ಟಿರಿ. ಸಂತೋಷ. ಒಂದು ಸಂದೇಹ, ಉದ್ದನೆಯ ಬೂಟುಗಳ ಕುತ್ತಿಗೆ ಪಾದದ ಗಂಟಿನ ಹತ್ತಿರ ಕುಸಿಯುತ್ತಲ್ಲ, ಅದಕ್ಕೆ ಈ ಟ್ರೀ ಏನು ಮಾಡುತ್ತೆ?

ಮೇಣದದಾರ:

ಏನೂ ಮಾಡಲ್ಲ. ಅದಕ್ಕೆ ಬೂಟಿನ ಕುತ್ತಿಗೆ ತುಂಬುವಂಥದ್ದೇ ಬೇರೆ ಬರುತ್ತೆ. ಇಲ್ಲವಾದರೆ ದಪ್ಪ ಪತ್ರಿಕೆ ಸುರುಳಿ ಮಾಡಿ ನಿಲ್ಲಿಸಿ. ಅಲ್ಲೂ ನಿಮ್ಮ ಪೇಪರೇ ಗೆದ್ದಿತು.

ಕಪ್ಪುಲೇಸು:

ಒತ್ತಿ ನೋಡಿದೆ ಸರ್. ಎಡಗಾಲಿಂದು ಗಟ್ಟಿ ಇದೆ, ಬಲಗಾಲಿಂದು ಲಟಕ್ ಅಂತು. ಉಳಿದ ಎರಡು ಜೋಡಿಗೆ ಏನೂ ಆಗಿಲ್ಲ. ವಾರ್ನಿಶ್ ಇಲ್ಲದ, ಅಗಲ ಹಿಮ್ಮಡಿಯ ಬೀಚ್ ಒಂದು ಜೋಡಿ ತಗೊಳ್ತೀನಿ. ಪಾಲಿಶ್ ಹಾಕುವಾಗ ಟ್ರೀ ಒಳಗಿರಬೇಕಾ, ತೆಗೀಬೇಕಾ?

ಮೇಣದದಾರ:

ಒಳಗೇ ಇರಲಿ. ನೆರಿಗೆ ತೆರೆದುಕೊಂಡಿರೋದರಿಂದ ಒಳಗಿನ ಧೂಳು ಬ್ರಷ್‌ಗೆ ಸಿಗುತ್ತೆ, ಕ್ರೀಮು ಗೆರೆಯೊಳಗೆ ಗಂಟು ಕಟ್ಟಲ್ಲ. ಒತ್ತಿ ತಿಕ್ಕೋಕೂ ಒಳಗಿನಿಂದ ಆಸರೆ ಸಿಗುತ್ತೆ. ಬಲಗಾಲಿನದ್ದನ್ನ ಹತ್ತಿರದ ರಿಪೇರಿಯವರಿಗೆ ತೋರಿಸಿ. ಒಳಗಿನ ಲೈನಿಂಗ್ ಹರಿಯೋಕೆ ಮುಂಚೆ ಹೋದರೆ ಅರ್ಧ ಕೆಲಸ ತಪ್ಪುತ್ತೆ.